ಮಾವನವರು ಹಾಕಿದ ಹಾರ

ಹನ್ನೊಂದು ಜನ ಸೇರಿ ಆಡುವ ಆಟದಲ್ಲಿ ಒಬ್ಬನ ಹೆಸರು ಮಾತ್ರ ಊರಿಗೆಲ್ಲ ಹೇಗೆ ತಿಳಿಯುತ್ತದೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ; ಸ್ವಲ್ಪ ಹೊಟ್ಟೆಕಿಚ್ಚೂ ಇದೆಯೆನ್ನಿ. ಐವತ್ತರ ದಶಕದ ಕೊನೆಯಲ್ಲಿ ನಾನು ಕೆ.ಜಿ.ಎಫ್‌ನ ಗಣಿ ತಂಡವೊಂದರಲ್ಲಿ ಫುಟ್‌ಬಾಲ್ ಆಡುತ್ತಿದ್ದೆ. ಆಟ ಬರುತ್ತದೆಂದೇ ನಮಗೆಲ್ಲ ಅಲ್ಲಿ ಕೆಲಸ ಸಿಕ್ಕಿತ್ತು. ನನ್ನ ಜಾಗ ಹಿಂದೆ, ನಮ್ಮ ಗೋಲಿನ ಹತ್ತಿರ; ಎದುರಾಳಿಗಳನ್ನು ತಡೆಯುವುದು ನನ್ನ ಪಾಲಿನ ದುಡಿಮೆ. ಸೆಲ್ವಂ ಮುಂದೆ ನಿಂತು ಗೋಲು ಹೊಡೆಯುವವನು. ರಾಬರ್ಟ್‌ಸನ್‌ಪೇಟೆಯಲ್ಲಿ ಅವನ ಜೊತೆ ನಡೆದರೆ ಹತ್ತು ಹೆಜ್ಜೆಗೊಬ್ಬರು ನಿಲ್ಲಿಸಿ ಅವನ ಕಾಲಿನ ಕ್ಷೇಮ ವಿಚಾರಿಸುತ್ತಿದ್ದರು. ಒಬ್ಬರು ನನ್ನನ್ನೂ ವಿಚಾರಿಸಿದ್ದುಂಟು, ಇವರು ನಿಮ್ಮ ಅಣ್ಣನಾ ಎಂದು ಸೆಲ್ವಂನನ್ನು ಕೇಳಿ.

ಅದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಬೆಂಗಳೂರಿನಲ್ಲಿ ಕಪ್ ಗೆದ್ದು ಬರುವಾಗ, ರೈಲು ಬದಲಿಸಲು ಬಂಗಾರಪೇಟೆಯಲ್ಲಿ ಇಳಿದರೆ, ನನ್ನ ಹೆಂಡತಿಯ ತಂದೆ ಸೇವಂತಿಗೆ ಹಾರ ಹಿಡಿದು ನಿಂತಿದ್ದರು. ಹತ್ತಿರದ ಹಳ್ಳಿಯ ಬೇಸಾಯಗಾರರು. ಫುಟ್‌ಬಾಲನ್ನು ಕಣ್ಣಿಂದ ಕಂಡವರಲ್ಲ. ನಾನು ಕತ್ತು ಬಗ್ಗಿಸಿದೆ. ಮಾವನವರು ನನ್ನನ್ನು ದಾಟಿಕೊಂಡು ಹೋಗಿ ಸೆಲ್ವಂ ಕೊರಳಿಗೆ ಹಾಕಿದರು. ಬಗ್ಗಿಸಿದ ಕತ್ತಿಗೊಂದು ಕಾರಣ ಬೇಕಲ್ಲ, ಷೂ ದಾರ ಕಟ್ಟಿಕೊಂಡೆ. ಆಮೇಲೆ ಮೆಲ್ಲಗೆ ಕೇಳಿದ್ದಕ್ಕೆ, "ನೀವು ಮನೆಯೋರು, ಅಳಿಯಂದ್ರೇ. ಮನೆಯೋರ್ಗೆ ನಾವೇ ಆರ ಆಕಿದ್ರೆ ನೋಡ್ದೋರು ನಗಲ್ವಾ?" ಎಂದರು. ಇದು ಮರ್ಯಾದೆಯೋ ಅವಮಾನವೋ ತಿಳಿಯದೆ ತಲೆಯಾಡಿಸಿದೆ.

ಅಷ್ಟಕ್ಕೇ ಬಿಡದೆ, ಭಾನುವಾರ ಸೆಲ್ವಂನನ್ನು ಊಟಕ್ಕೆ ಕರೆತರಬೇಕೆಂದರು. ಕರೆದುಕೊಂಡು ಹೋದೆ. ಮುದ್ದೆ, ನಾಟಿಕೋಳಿ ಸಾರು. ಕಾಲಿನ ತುಂಡುಗಳೆರಡೂ ಅವನ ತಟ್ಟೆಗೇ ಬಿದ್ದವು, ಕಾಲಿನಿಂದ ದುಡಿಯುವವನೆಂದು. ನಾನೇನು ಕೈಯಲ್ಲಿ ಆಡುತ್ತಿದ್ದೆನೆ? ಬಾಗಿಲಲ್ಲಿ ಅರ್ಧ ಊರು ನಿಂತು ಅವನು ಉಣ್ಣುವುದನ್ನೇ ನೋಡುತ್ತಿತ್ತು. ಅವನು ಮಾತ್ರ ಯಾಕೋ ತಲೆ ತಗ್ಗಿಸಿಕೊಂಡೇ ಉಂಡ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಹೇಳಿದ: "ಅಣ್ಣಾ, ಹೋದ ತಿಂಗ್ಳು ಸೋತ ಮ್ಯಾಚಲ್ಲಿ ನಾನು ಹೊಡೀಬೇಕಾದ ಗೋಲು ಒಂದು ತಪ್ಪಿಸ್ದೆ ಅಲ್ವಾ? ನಮ್ಮಮ್ಮ ಎರಡು ದಿನ ನಲ್ಲೀಲಿ ನೀರು ಹಿಡಿಯೋಕೇ ಹೋಗ್ಲಿಲ್ಲ. ಅಲ್ಲಿ ಅಷ್ಟು ಮಾತು. ನೀ ತಪ್ಪು ಮಾಡಿದ್ರೆ ಯಾರ್ಗೂ ಗೊತ್ತೇ ಆಗಲ್ಲ. ನಿನ್ ಜಾಗ ಸಿಕ್ಕಿದ್ರೆ ನಂಗೆ ಸಾಕು."

ತಮಾಷೆಯ ಮುಖವಲ್ಲ ಅದು. ಅವನಿಗಾಗಿ ಮರುಗಬೇಕೋ, ಯಾರಿಗೂ ಗೊತ್ತಾಗುವುದಿಲ್ಲ ಎಂದದ್ದಕ್ಕೆ ಕೋಪಿಸಿಕೊಳ್ಳಬೇಕೋ ತೋಚದೆ, ಚೊಂಬಿನಿಂದ ಅವನ ಕೈಗೆ ನೀರು ಹಾಕುತ್ತ ನಿಂತೆ.

ಮುಂದಿನ ಪಂದ್ಯದಲ್ಲಿ ಎದುರಾಳಿ ಒದ್ದ ಚೆಂಡು ನನ್ನ ಮೊಣಕಾಲಿಗೆ ಬಡಿದು ನಮ್ಮದೇ ಗೋಲಿನೊಳಗೆ ಹೋಯಿತು. ಮೈದಾನದ ನಾಲ್ಕೂ ಕಡೆಯಿಂದ ಜನ ನನ್ನ ಹೆಸರು ಹಿಡಿದು ಕೂಗತೊಡಗಿದರು. ಇಷ್ಟು ಜನಕ್ಕೆ ನನ್ನ ಪರಿಚಯವಿದೆಯೆಂದು ನನಗೇ ತಿಳಿದಿರಲಿಲ್ಲ. ಅದು ಬೈಗುಳವೆಂದು ಅರಿವಾಗುವಷ್ಟರಲ್ಲಿ ನನ್ನ ಕೈಗಳು ತಾವಾಗಿಯೇ ಮೇಲೆದ್ದು ಎಲ್ಲರಿಗೂ ನಮಸ್ಕಾರ ಮಾಡಿಬಿಟ್ಟಿದ್ದವು.