ಕ್ಲಾರಾಳ ತಪ್ಪು ಹುಡುಕಲು ಹೋಗಿ

ಹೊರಗಿನವರ ತಪ್ಪನ್ನು ಅವರೆದುರೇ ಹೇಳುವುದು ನನ್ನ ಕೈಲಾಗದ ಕೆಲಸ. ಮದುವೆ ಮನೆಯ ಸಾರಿಗೆ ಉಪ್ಪೇ ಬಿದ್ದಿರದಿದ್ದರೂ "ಭಾಳ ಚಲೋ ಆಗೈತ್ರಿ" ಎಂದು ಎರಡನೇ ಸಲ ಹಾಕಿಸಿಕೊಂಡು ಉಂಡವನು ನಾನು. ಕಟಿಂಗ್ ಅಂಗಡಿಯವನು ಒಂದು ಕಡೆ ಮೀಸೆ ಹೆಚ್ಚು, ಇನ್ನೊಂದು ಕಡೆ ಕಮ್ಮಿ ಮಾಡಿ ಕನ್ನಡಿ ಹಿಡಿದರೂ "ಬೆಸ್ಟ್" ಎಂದು ಎದ್ದು ಬರುತ್ತೇನೆ. ಇದನ್ನು ನನ್ನ ಸಜ್ಜನಿಕೆ ಎಂದೇ ನಂಬಿಕೊಂಡಿದ್ದೆ. ಆ ನಂಬಿಕೆಗೆ ಕಲ್ಲು ಹಾಕಿದವಳು ಐರ್ಲೆಂಡಿನ ಕ್ಲಾರಾ.

ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಕ್ಲಾರಾ ಅವರ ದೇಶದಲ್ಲಿ ಟೀಚರ್ ಆಗಲು ಓದುತ್ತಿದ್ದ ಹುಡುಗಿ. ಪರದೇಶದ ಶಾಲೆಯಲ್ಲಿ ಆರು ವಾರ ಪಾಠ ಮಾಡಿ ಬರಬೇಕು ಎಂದು ಅವಳ ಕಾಲೇಜಿನ ನಿಯಮವಂತೆ. ಅದು ಹೇಗೋ ನಮ್ಮ ಶಾಲೆಗೇ ಬಂದು ಬಿದ್ದಳು. ಹೆಡ್‌ಮಾಸ್ಟರು ಅವಳನ್ನು ನನಗೆ ಗಂಟು ಹಾಕಿ, "ಇಪ್ಪತ್ತು ಪಾಠ ನೋಡಿ ಸಹಿ ಹಾಕ್ರಿ ಮೇಷ್ಟ್ರೆ, ಇನ್ನೇನಿಲ್ಲ" ಎಂದರು. ಅದರಲ್ಲಿ 'ಸಹಿ' ನನ್ನ ಕಿವಿಗೆ ಬಿತ್ತು, 'ನೋಡಿ' ಬೀಳಲಿಲ್ಲ. ಬೀಳುವುದು ಹೇಗೆ? ನಾನು ಬಿ.ಎಡ್. ಮಾಡುವಾಗ ನನ್ನ ಪಾಠ ನೋಡಬೇಕಾದ ಹಿರಿಯರು ಸ್ಟಾಫ್ ರೂಮಿನಲ್ಲಿ ಶೇಂಗಾ ಸುಲಿಯುತ್ತ ಕೂತು ಎಲ್ಲಕ್ಕೂ 'ಉತ್ತಮ' ಎಂದು ಬರೆದಿದ್ದರು. ನಾನು ಅವರಿಗಿಂತ ದೊಡ್ಡ ಮನಸ್ಸಿನವನು. ಪಾಪ, ದೂರದಿಂದ ಬಂದ ಕೂಸು ಎಂದು ಮೊದಲ ದಿನವೇ ಇಪ್ಪತ್ತೂ ಹಾಳೆಗೆ 'ಅತ್ಯುತ್ತಮ' ಎಂದು ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ ಕೈಗೆ ಕೊಟ್ಟುಬಿಟ್ಟೆ. "ಇನ್ನು ಆರಾಮಾಗಿರಮ್ಮ, ಕೊಂಡಜ್ಜಿ ಕೆರೆ ನೋಡ್ಕೊಂಡು ಬಾ" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. "ಸಾರ್, ನಾನು ಇನ್ನೂ ಪಾಠವನ್ನೇ ಮಾಡಿಲ್ಲ" ಎಂದಳು. "ಅದಕ್ಕೇನಂತೆ" ಎಂದೆ. ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ಹೋದಳು. ನನಗೆ ತಲೆಬುಡ ತಿಳಿಯಲಿಲ್ಲ. ಫೇಲಾಗಿ ಅತ್ತವರನ್ನು ಬೇಕಾದಷ್ಟು ಕಂಡಿದ್ದೇನೆ. ಪೂರ್ತಿ ಅಂಕ ಸಿಕ್ಕಿತೆಂದು ಅತ್ತವಳು ಇವಳೊಬ್ಬಳೇ.

ಆ ಹಾಳೆಗಳನ್ನು ಅವಳು ತನ್ನ ಕಾಲೇಜಿಗೆ ತಿಳಿಸಿದ್ದಳಂತೆ, ವಾರದೊಳಗೆ ಅಲ್ಲಿಂದ ಹೆಡ್‌ಮಾಸ್ಟರಿಗೆ ಪತ್ರ ಬಂತು. ಹಾಳೆಗಳನ್ನು ಹೊಸದಾಗಿ ತುಂಬಬೇಕು, ಪಾಠದಲ್ಲಿ ಕಂಡ ತಪ್ಪುಗಳೇನು ಎಂದು ಒಂದಿಡೀ ಪುಟ ಬರೆಯಬೇಕು, ಆ ಪುಟ ಖಾಲಿ ಇದ್ದರೆ ಹುಡುಗಿ ನಪಾಸು, ಇನ್ನೊಂದು ವರ್ಷ ಓದಬೇಕು. ಎಲಾ ಇವರ! ತಪ್ಪು ಬರೆದರೆ ಪಾಸು, ಹೊಗಳಿದರೆ ಫೇಲು. ಇದು ಯಾವ ಲೆಕ್ಕ? ಮನೆಯಲ್ಲಿ ಖಾಲಿ ಪುಟ ಹಿಡಿದು ಕೂತಿದ್ದಾಗ ನನ್ನ ಹೆಂಡತಿ ಗಿರಿಜಾ ಕೇಳಿದಳು, "ಏನ್ರಿ, ನನ್ನ ಉಪ್ಪಿಟ್ಟಿನಾಗ ದಿನಾ ನಾಕು ತಪ್ಪು ಹುಡುಕ್ತೀರಲ್ಲ, ಆ ಕಣ್ಣು ಸ್ಕೂಲಿಗೆ ಒಯ್ಯಾಕೆ ಬರಲ್ವ?"

"ನೀನು ಮನೆಯವಳು. ಅದು ಅತಿಥಿ ಕೂಸು ಕಣೆ."

"ಅತಿಥಿ ಅಂತ ಫೇಲ್ ಮಾಡಿ ಕಳಿಸ್ತೀರೇನು? ಚೆನ್ನಾಗೈತೆ ನಿಮ್ಮ ಮರ್ಯಾದೆ!"

ಮಾರನೇ ದಿನ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ತೂರಿಕೊಂಡು ಕೂತೆ. ಇನ್ನೊಬ್ಬರ ಪಾಠವನ್ನು ಗಂಟೆಯಿಂದ ಗಂಟೆಯವರೆಗೆ ನೋಡಿದ್ದು ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಅದೇ ಮೊದಲು. ಕ್ಲಾರಾ ಒಂದು ಸಮೀಕರಣ ಬರೆದು ಪ್ರಶ್ನೆ ಕೇಳಿದಳು. ಕೇಳಿ ಸುಮ್ಮನೆ ನಿಂತಳು. ಮಕ್ಕಳೂ ಸುಮ್ಮನೆ. ನಾನಾದರೆ ಕೇಳಿದ ಉಸಿರಲ್ಲೇ ಉತ್ತರವನ್ನೂ ಹೇಳಿ ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದೆ. ತಡೆಯಲಾಗದೆ "ಎಕ್ಸ್ ಈಕ್ವಲ್ ಟು ಸೆವೆನ್!" ಎಂದು ಕೂಗಿಬಿಟ್ಟೆ. ಇಡೀ ಕ್ಲಾಸು ನಕ್ಕಿತು. "ಸಾರ್, ಪ್ಲೀಸ್" ಎಂದಳು ಕ್ಲಾರಾ. ಪಕ್ಕದ ಹುಡುಗಿ ಮೆಲ್ಲಗೆ, "ಅದು ತಪ್ಪು ಸಾರ್, ಐದು ಬರತ್ತೆ" ಎಂದಳು. ಬೆವೆತುಹೋದೆ.

ಆದರೂ ಬಿಡದೆ ದಿನಾ ಹೋಗಿ ಕೂತೆ. ಹಟಕ್ಕೆ ಬಿದ್ದು ನೋಡಿದರೆ ತಪ್ಪು ಸಿಗದೆ ಇರುತ್ತದೆಯೆ? ಅಕ್ಷರ ಸಣ್ಣದು, ಹಿಂದಿನವರಿಗೆ ಕಾಣುವುದಿಲ್ಲ. ಕಿಟಕಿ ಸಾಲಿನವರನ್ನು ಒಮ್ಮೆಯೂ ಕೇಳುವುದಿಲ್ಲ. ಮಗು ಉತ್ತರ ಹೇಳಿದರೆ, ಅದು ಹೇಗೆ ಬಂತು ಎಂದು ಹೇಳಿಸುವುದಿಲ್ಲ. ಎಲ್ಲವನ್ನೂ ಬರೆದೆ. ಅವಳು ಊರಿಗೆ ಹೊರಡುವ ಹಿಂದಿನ ಸಂಜೆ, ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಆ ಪುಟ ಕೊಟ್ಟು, ಅಪರಾಧಿಯ ಹಾಗೆ ನಿಂತೆ.

ಅವಳು ನಿಂತಲ್ಲೇ ಪೂರ್ತಿ ಓದಿದಳು. ಮುಖ ಅರಳಿತು. "ಸಾರ್, ನೀವು ನಿಜವಾಗಿ ನೋಡಿದ್ದೀರಿ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಇಷ್ಟು ವರ್ಷ ನಾನು ಕಣ್ಣು ಮುಚ್ಚಿ 'ಉತ್ತಮ' ಎಂದು ಕಳಿಸಿದ ಮಕ್ಕಳನ್ನು ನೆನೆದು ನಾಚಿಕೆಯಾಯಿತು.

ಅಷ್ಟರಲ್ಲಿ ಅವಳು ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದಳು. "ನಾನೂ ನಿಮ್ಮ ಪಾಠಗಳನ್ನು ನೋಡಿ ಬರೆದುಕೊಂಡಿದ್ದೇನೆ ಸಾರ್. ನಾಲ್ಕು ಪುಟ ಆಗಿದೆ. ಓದಲಾ?"

"ಅಯ್ಯೋ, ನನ್ನ ಬಸ್ಸು ಬಂತಮ್ಮ!" ಎಂದು ಎದುರಿಗೆ ಹೊರಟು ನಿಂತಿದ್ದ ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸಿದೆ. ಐದು ನಿಮಿಷದಲ್ಲಿ ಬಸ್ಸು ತುಂಗಭದ್ರೆಯ ಸೇತುವೆ ಮೇಲಿತ್ತು. ದಾವಣಗೆರೆಯ ದಾರಿಗೆ ಹೊಳೆ ಯಾವಾಗ ಬಂತು ಎಂದು ನಾನು ಯೋಚಿಸುವಾಗ ಕಂಡಕ್ಟರ್ ಬಂದ.

"ಎಲ್ಲಿಗ್ರಿ?"

"ದಾವಣಗೆರೆ."

"ಇದು ರಾಣೆಬೆನ್ನೂರಿಗೆ ಹೊಂಟೈತ್ರಿ ಯಜಮಾನ್ರೆ! ಅಷ್ಟು ದೊಡ್ಡ ಬೋರ್ಡ್ ಐತೆ, ಓದಾಕ ಬರಲ್ವಾ? ಏನ್ ಕೆಲಸ ಮಾಡ್ತೀರಿ?"

"ಮಂಡಕ್ಕಿ ವ್ಯಾಪಾರ" ಎಂದೆ.