ಅಮ್ಮನೋರ ಯಜಮಾನ್ರು

ಓದುಗರಿಗೆಲ್ಲ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹತ್ತನೇ ಕ್ಲಾಸು ಪಾಸು ಮಾಡಿದ್ದು ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೆ. ಟೈಪು ಮಾಡುವುದು ಒಂದೇ ಬೆರಳಿನಲ್ಲಿ. ಒಂದು ಒತ್ತಕ್ಷರ ಹುಡುಕಿ ಒತ್ತುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಆರಿ, ಕೆನೆ ಕಟ್ಟಿರುತ್ತದೆ. ಆದ್ದರಿಂದ ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ತಪ್ಪಿನ ಕಥೆಯನ್ನೇ ಹೇಳಲು ಹೊರಟವನಿಗೆ ಅಕ್ಷರದ ತಪ್ಪು ಯಾವ ಲೆಕ್ಕ?

ಮನುಷ್ಯ ಅಂದಮೇಲೆ ಆಸೆ ಇರುತ್ತದೆ. ಕೆಲವರಿಗೆ ಕಾಶಿಗೆ ಹೋಗುವ ಆಸೆ, ಕೆಲವರಿಗೆ ಪಂಚಾಯ್ತಿ ಮೆಂಬರ್ ಆಗುವ ಆಸೆ. ನನ್ನದು ಬಹಳ ಸಣ್ಣದು. ನಮ್ಮನೆಯವಳ ಬಾಯಲ್ಲಿ ನನ್ನ ಹೆಸರನ್ನು ಒಂದೇ ಒಂದು ಸಲ ಕೇಳಬೇಕು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು, ಇನ್ನೂ ಕೇಳಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದರಂತೆ. ಒಂದು ಸಲಕ್ಕೆ ಎಷ್ಟು ಕಡಿಮೆಯಾದೀತು, ಒಂದು ವಾರ ಹೋದರೆ ಹೋಗಲಿ, ನಾನೇ ಕೊಡುತ್ತೇನೆ ಅಂದೆ. ಅದಕ್ಕೂ ಒಪ್ಪಲಿಲ್ಲ.

ಹಾಗೆ ನೋಡಿದರೆ ಒಂದು ಸಲ ಹೇಳಿದ್ದಾಳಂತೆ. ಮದುವೆಯ ದಿನ ನಮ್ಮನ್ನು ಹೊಸಿಲಲ್ಲಿ ತಡೆದು, ಇಬ್ಬರೂ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹೆಂಗಸರು ಹಟ ಹಿಡಿದರು. ನಾನು ಎದೆಯುಬ್ಬಿಸಿ ಹೇಳಿದೆ. ಅವಳು ತಲೆ ತಗ್ಗಿಸಿ ತುಟಿ ಅಲ್ಲಾಡಿಸಿದಳು. ಸರಿಯಾಗಿ ಅದೇ ಗಳಿಗೆಗೆ ಓಲಗದವರು ಜೋರಾಗಿ ಊದಿಬಿಟ್ಟರು. ಹೆಂಗಸರೆಲ್ಲ 'ಹೇಳಿದ್ಲು, ಹೇಳಿದ್ಲು' ಎಂದು ನಕ್ಕರು. ಊರಿಗೆಲ್ಲ ಕೇಳಿಸಿದ್ದು ನನಗೊಬ್ಬನಿಗೆ ಕೇಳಿಸಲಿಲ್ಲ. ಇವತ್ತಿಗೂ ಓಲಗದ ಸದ್ದು ಕೇಳಿದರೆ ನನಗೆ ಏನೋ ಕಳೆದುಹೋದ ಹಾಗೆ ಆಗುತ್ತದೆ.

ಹೆಸರಾದರೂ ಕಷ್ಟದ್ದೇನಲ್ಲ. ಶಿವನ ಒಕ್ಕಲಾದ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಶಿವಣ್ಣ, ಈಶ್ವರಪ್ಪ, ಮಹದೇವ. ನಾನು ಹುಟ್ಟುವ ಮುಂಚೆ ನಮ್ಮಮ್ಮ ಬೇಲೂರಿನ ದೇವರಿಗೆ ಹರಕೆ ಹೊತ್ತಿದ್ದರಿಂದ ನಾನೊಬ್ಬ ಚನ್ನಕೇಶವ. ಹೆಣ್ಣು ಸಿಕ್ಕಿದ್ದೂ ಬೇಲೂರಿನಲ್ಲೇ. ಪಾಪ, ಮದುವೆಯಾದ ಮೇಲೆ ಅವಳು ತವರೂರಿನ ದೇವರ ಹೆಸರನ್ನೂ ಹೇಳುವಂತಿಲ್ಲ. 'ದೊಡ್ಡ ದೇವ್ರು' ಅನ್ನುತ್ತಾಳೆ. ಒಂದು ಸಲ ಗಣತಿಗೆ ಬಂದ ಟೀಚರಮ್ಮ ಯಜಮಾನರ ಹೆಸರು ಕೇಳಿದರು. ನಾನು ಮನೆಯಲ್ಲಿರಲಿಲ್ಲ.

"ದೊಡ್ಡ ದೇವಸ್ಥಾನ ಐತಲ್ಲ ಮೇಡಂ, ಫಾರಿನ್ನೋರೆಲ್ಲ ಫೋಟೋ ಹೊಡ್ಕೊಳಕ್ಕೆ ಬತ್ತಾರಲ್ಲ, ಅಲ್ಲಿ ದೇವ್ರ ಹೆಸ್ರೇ ಇವರ್ದೂ" ಅಂದಳಂತೆ.

ಆ ಟೀಚರು ಹೊಸಬರು. ಹಳೇಬೀಡು ಅಂದುಕೊಂಡು 'ಹೊಯ್ಸಳೇಶ್ವರ' ಎಂದು ಬರೆದುಕೊಂಡು ಹೋದರು. ಅದನ್ನು ತಿದ್ದಿಸುವವರೆಗೆ ನಾನು ಹಳೇಬೀಡಿನಲ್ಲಿದ್ದೆ.

ಬರೆಯುವುದಕ್ಕೆ ಮಾತ್ರ ಅವಳಿಗೆ ಯಾವ ದೋಷವೂ ಇಲ್ಲ. ನಾನು ಹತ್ತನೇ ಕ್ಲಾಸಿಗೆ ಕಟ್ಟಿದಾಗ ಅರ್ಜಿಯಲ್ಲಿ ನನ್ನ ಹೆಸರನ್ನು ಮುತ್ತು ಪೋಣಿಸಿದ ಹಾಗೆ ಬರೆದವಳು ಅವಳೇ. ಪಿಯುಸಿ ಓದಿದವಳು, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಗೊಂಡವಳು. ನನಗೆ ಪಾಠ ಹೇಳಿಕೊಟ್ಟವಳೂ ಅವಳೇ. ಉತ್ತರ ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸುಳಿವು ಕೊಡುತ್ತಿದ್ದಳು. "ಅಡುಗೇಲಿ ಹಾಕ್ತೀವಿ, ಬೆವರಲ್ಲೂ ಇರ್ತದೆ, ಸಮುದ್ರದಲ್ಲೂ ಇರ್ತದೆ" ಅನ್ನುವಳು. ನಾನು "ನೀರು" ಅನ್ನುವೆ. "ನೀರು ಕುಡೀರಿ, ಆಮೇಲೆ ಹೇಳಿ" ಅನ್ನುವಳು.

ಇಂಥವಳಿಗೆ ಟೀವಿಯಲ್ಲಿ ಆ ಆಟ ಶುರುವಾದಾಗ ಹೇಗಾಗಿರಬೇಡ! ಸಾಯಂಕಾಲ ಏಳೂವರೆಗೆ ಬರುತ್ತದೆ. ಜೋಡಿಯಲ್ಲಿ ಒಬ್ಬರ ಮುಂದೆ ಒಂದು ಚೀಟಿ ಇಡುತ್ತಾರೆ. ಅದರಲ್ಲಿ 'ಮದುವೆಮನೆಯಲ್ಲಿ ಕಳೆದುಹೋಗುವ ವಸ್ತುಗಳು' ಎಂದು ಇದ್ದರೆ, ಅವರು 'ಚಪ್ಪಲಿ, ಕೊಡೆ, ಚಿಕ್ಕಪ್ಪ' ಎಂದು ಬರೀ ಹೆಸರುಗಳನ್ನು ಹೇಳುತ್ತಾ ಹೋಗಬೇಕು. ಇನ್ನೊಬ್ಬರು ಅವೆಲ್ಲ ಏನು ಎಂದು ಕಂಡುಹಿಡಿಯಬೇಕು. ವಿವರಿಸುವ ಹಾಗಿಲ್ಲ, ಕೈ ಆಡಿಸುವ ಹಾಗಿಲ್ಲ. ಇರುವುದು ಒಂದು ನಿಮಿಷ. ಊರೂರಲ್ಲಿ ನಡೆಸುವ ಆಯ್ಕೆಯಲ್ಲಿ ಗೆದ್ದ ಜೋಡಿಗೆ ಬೆಂಗಳೂರಿನ ಸ್ಟುಡಿಯೋದಲ್ಲಿ ದೊಡ್ಡ ದೀಪಗಳ ಕೆಳಗೆ ಆಡುವ ಅವಕಾಶ. ಅವಳು ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಲೇ ಟೀವಿಯವರಿಗಿಂತ ಮೊದಲು ಉತ್ತರ ಹೇಳುತ್ತಿದ್ದಳು. "ನಾನಾಗಿದ್ರೆ ಇದನ್ನ ಎರಡೇ ಸುಳಿವಲ್ಲಿ ಮುಗಿಸ್ತಿದ್ದೆ" ಅನ್ನುವಳು. ಹುರುಳಿಕಾಯಿ ಮುಗಿದಿದ್ದರೂ ಎದ್ದು ಹೋಗುತ್ತಿರಲಿಲ್ಲ.

ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಗಂಡ ಹೆಂಡತಿ ಜೋಡಿಗಳ ಆಯ್ಕೆ ಅಂತ ಟೀವಿಯಲ್ಲೇ ಹೇಳಿದರು. ಆವತ್ತಿನಿಂದ ಅರಸೀಕೆರೆಯ ನಮ್ಮ ಮನೆಯಲ್ಲಿ ಅಭ್ಯಾಸವೋ ಅಭ್ಯಾಸ. ನಾನು ಪಕ್ಕದ ಗಂಡಸಿ ಊರಿನ ಗೋದಾಮಿನಿಂದ ಬಂದು ಕೈಕಾಲು ತೊಳೆಯುವುದೇ ತಡ, ಚೀಟಿ ಹಿಡಿದು ಕೂರುತ್ತಿದ್ದಳು. ಸುಳಿವು ಕೊಡುವ ಸರದಿ ನನ್ನದಾದರೆ ಅಧ್ವಾನ. 'ಎಣ್ಣೆ ಹಾಕುವ ವಸ್ತುಗಳು' ಅಂತ ಚೀಟಿ. ನಾನು 'ಬಾಗಿಲ ಕೀಲು' ಅಂದು ಸುಮ್ಮನಾಗಬೇಕಲ್ಲ, ನಮ್ಮ ಗೋದಾಮಿನ ಬಾಗಿಲು ಹೋದ ಮಳೆಗಾಲದಲ್ಲಿ ಹೇಗೆ ಕಚ್ಚಿಕೊಂಡಿತ್ತು ಎಂದು ಶುರುಮಾಡಿದೆ. ಬಾಗಿಲು ತೆಗೆಯುವಷ್ಟರಲ್ಲಿ ನಿಮಿಷ ಮುಗಿದಿತ್ತು.

ಅವಳ ಸುಳಿವುಗಳ ಅಂದವೇ ಬೇರೆ. ಆ ಆಟದಲ್ಲಿ ಎಲ್ಲಕ್ಕಿಂತ ಕಷ್ಟದ ಚೀಟಿ ಎಂದರೆ 'ಇಂಥದ್ದು ಮಾತಾಡಿದರೆ ಏನು ಹೇಳುತ್ತದೆ' ಅನ್ನುವುದು. ಅದಕ್ಕೆ ಮಾತ್ರ ಪೂರ್ತಿ ವಾಕ್ಯ ಹೇಳಬಹುದು. ಒಂದು ದಿನ ಅವಳು ಚೀಟಿ ನೋಡಿಕೊಂಡು ಹೇಳಿದಳು:

"ಇನ್ನೂ ಎಷ್ಟು ದಿನ ಹಿಂಗೇ ಕೂತಿರ್ಲಿ? ಒಳಗಿರೋ ನೀರೆಲ್ಲ ಇಂಗಿಹೋಯ್ತು. ಒಂದ್ಸಲ ಅಲ್ಲಾಡಿಸಿ ನೋಡ್ಬಾರ್ದಾ?"

ನಾನು ಥಟ್ಟನೆ "ಹೆಂಡತಿ!" ಅಂದೆ.

ಅವಳು ಚೀಟಿ ತಿರುಗಿಸಿ ತೋರಿಸಿದಳು. 'ಅಟ್ಟದ ಮೇಲಿನ ಕೊಬ್ಬರಿಕಾಯಿ' ಎಂದಿತ್ತು. ಇಪ್ಪತ್ತೈದು ವರ್ಷದಿಂದ ಕೊಬ್ಬರಿ ವ್ಯಾಪಾರ ಮಾಡುವವನು ನಾನು. ಕಾಯಿಯನ್ನು ವರ್ಷಗಟ್ಟಲೆ ಅಟ್ಟದಲ್ಲಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ತಿರುಳು ಒಣಗಿ ಗಿಟುಕು ಕಟ್ಟಿದೆಯಾ ಎಂದು ಸದ್ದಿನಲ್ಲೇ ಹೇಳುವವನು. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಚೀಟಿ ಮಡಿಸಿಟ್ಟು, "ಅದೂ ಸರೀನೇ ಬಿಡಿ" ಅಂದು ಒಳಗೆ ಹೋದಳು. ನಾನು ಅದನ್ನು ತಮಾಷೆ ಅಂದುಕೊಂಡೆ.

ಆಯ್ಕೆಯ ದಿನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಬೆಂಗಳೂರಿಗೆ ಆಯ್ಕೆಯಾದರೆ ಉಡಲು ಇನ್ನೊಂದನ್ನು, ನೇರಳೆ ಬಣ್ಣದ್ದು, ಫಾಲ್ಸ್ ಹಾಕಿಸಿ ಬೀರುವಿನಲ್ಲಿ ಇಟ್ಟಾಗಿತ್ತು. ಮಂಟಪದಲ್ಲಿ ಒಬ್ಬ ಹುಡುಗಿ ಮೈಕು ಹಿಡಿದು ನಮ್ಮನ್ನು ಮಾತಾಡಿಸಿದಳು. "ಸರ್, ಮೇಡಂ ಹೆಸರು?" ಅಂದಳು. ನಾನು "ಇವರು ನಮ್ಮನೆಯವರು" ಅಂದೆ. ಹುಡುಗಿ ನಕ್ಕು ಫಾರಂ ನೋಡಿಕೊಂಡಳು.

ಹೇಗೋ ಕೊನೆಯ ಸುತ್ತಿಗೆ ಬಂದೆವು. ಹೇಗೋ ಏನು, ಅವಳಿಂದಲೇ. ಉಳಿದದ್ದು ಒಂದೇ ಚೀಟಿ, ಅದನ್ನು ಗೆದ್ದರೆ ಬೆಂಗಳೂರು. ಸುಳಿವು ಅವಳದು, ಉತ್ತರ ನನ್ನದು. ಅವಳು ಚೀಟಿ ನೋಡಿದಳು, ಮುಖ ಅರಳಿತು.

"ಕನ್ನಡಿ ಹಿಡಿದ ಸುಂದರಿ. ನಕ್ಷತ್ರದ ಜಗಲಿ."

ನನಗೆ ಆಗಲೇ ಗೊತ್ತಾಯಿತು. ಬೇಲೂರು ದೇವಸ್ಥಾನದಲ್ಲಿ ಇರುವವು. ಮಂಟಪದಲ್ಲಿದ್ದ ಕೂಸುಗಳಿಗೂ ಗೊತ್ತಾಗಿರಬೇಕು. ಬಾಯಿ ತೆರೆದೆ. ಅಷ್ಟರಲ್ಲಿ ನನ್ನೊಳಗಿನ ಇಪ್ಪತ್ತೊಂಬತ್ತು ವರ್ಷದ ಆಸೆ ಎದ್ದು ಕೂತು, 'ತಡಿ' ಅಂದಿತು. ಆ ದೇವಸ್ಥಾನದಲ್ಲಿ ಏನಿದೆ ಎಂದರೆ ಮೊದಲು ಹೇಳಬೇಕಾದ ಹೆಸರು ಯಾವುದು? ನಾನು ಪೆದ್ದನಾಗಿ ಕೂತರೆ ಅವಳು ಹೇಳಲೇಬೇಕು. ಸುತ್ತ ಓಲಗ ಇಲ್ಲ, ಅವಳ ಕೈಯಲ್ಲಿ ಮೈಕು ಬೇರೆ ಇದೆ.

"ಬ್ಯೂಟಿ ಪಾರ್ಲರ್!" ಅಂದೆ. ಜನ ನಕ್ಕರು.

"ತಿರುಗೋ ಕಂಬ. ದೇವ್ರ ದೊಡ್ಡ ಚಪ್ಪಲಿ."

"ಚಪ್ಪಲಿ ಅಂಗಡಿ!"

ಅವಳು ನನ್ನನ್ನೇ ನೋಡಿದಳು. "ಗೋಪುರ. ಸೌಮ್ಯನಾಯಕಿ ಅಮ್ಮನೋರು." ನಾನು ಕತ್ತು ಕೆರೆದುಕೊಂಡೆ. ಗಡಿಯಾರದಲ್ಲಿ ಹತ್ತು ಸೆಕೆಂಡು ಉಳಿದಿತ್ತು. ಅವಳ ತುಟಿ ಅಲ್ಲಾಡಿತು, ಥೇಟ್ ಹೊಸಿಲಲ್ಲಿ ಅಲ್ಲಾಡಿದ ಹಾಗೆ.

"ಅಮ್ಮನೋರ... ಅಮ್ಮನೋರ ಯಜಮಾನ್ರು!"

ಟಿಂಯ್ ಎಂದು ಗಂಟೆ ಹೊಡೆಯಿತು. "ಸಾರಿ ಮೇಡಂ, ವಿವರಿಸೋ ಹಾಗಿಲ್ಲ" ಅಂದಳು ಹುಡುಗಿ. ನಮ್ಮ ಆಟ ಮುಗಿದಿತ್ತು.

ನೋಡಲು ಬಂದಿದ್ದ ಅವಳ ತಮ್ಮ ಮಂಟಪದ ಬಾಗಿಲಲ್ಲೇ ಹಿಡಿದುಕೊಂಡ. "ಏನ್ ಭಾವ, ನಿಮ್ ಹೆಸ್ರಿನ ದೇವಸ್ಥಾನವೇ ಗೊತ್ತಾಗ್ಲಿಲ್ವಲ್ಲ! ಮನೆ ಬಾಗ್ಲಾದ್ರೂ ಗ್ಯಾಪ್ಕ ಐತಾ, ನಾನೇ ಬಂದು ಬಿಟ್ಟು ಬರ್ಲಾ?" ಅಂದ. ಅವಳು "ಸುಮ್ನಿರೋ ನೀನು" ಎಂದು ಅವನನ್ನು ಗದರಿದಳು. ನನ್ನನ್ನೇ ಬೈದಿದ್ದರೆ ಚೆನ್ನಾಗಿತ್ತು.

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಿಟಕಿಯಿಂದ ಸೌತೆಕಾಯಿ ಕೊಂಡು, ಉಪ್ಪುಖಾರ ಹಚ್ಚಿಸಿ ಅವಳ ಕೈಗೆ ಕೊಟ್ಟೆ. ಅವಳು ತಿನ್ನಲಿಲ್ಲ.

"ನಿಮ್ಗೆ ಮೊದಲ್ನೇ ಸುಳಿವಿಗೇ ಗೊತ್ತಾಗಿತ್ತು, ಅಲ್ವಾ?"

ನಾನು ಹೂಂ ಅಂದೆ. ಯಾಕೆ ಎಂದೂ ಹೇಳಿದೆ. ಓಲಗದ ಕಥೆಯನ್ನೂ ಹೇಳಿದೆ. ಕಂಡಕ್ಟರ್ ರೈಟ್ ಅಂದ, ಬಸ್ಸು ಹೊರಟಿತು.

"ನಂಗೆ ಒಂದೇ ಒಂದ್ಸಲ ಆ ದೀಪದ ಕೆಳಗೆ ನಿಂತ್ಕೋಬೇಕು ಅಂತಿತ್ತು ಕಣ್ರೀ" ಅಂದಳು. ಆಮೇಲೆ, ಸಿಟ್ಟೇನೂ ಇಲ್ಲದೆ, "ಹೋಗ್ಲಿ, ನಿಮ್ಗೆ ಯಾವ ಅಜ್ಜಿ ಅಡ್ಡ ಬಂದಿದ್ರು? ನೀವು ನನ್ನ ಹೆಸ್ರು ಹಿಡಿದು ಕರೆದು ಎಷ್ಟು ವರ್ಷ ಆಯ್ತು, ಹೇಳಿ ನೋಡಾಣ" ಅಂದಳು.

ಅರಸೀಕೆರೆ ಬರುವವರೆಗೂ ಯೋಚಿಸಿದೆ. 'ಲೇ' ನೆನಪಾಯಿತು, 'ಏನೇ' ನೆನಪಾಯಿತು, 'ಕೇಳಿಸ್ತಾ' ನೆನಪಾಯಿತು. ಆ ಹೊಸಿಲಿನ ಮೇಲೆ ಎದೆಯುಬ್ಬಿಸಿ ಹೇಳಿದ್ದೇ ಮೊದಲು, ಅದೇ ಕೊನೆ. ಗಂಡನ ಆಯಸ್ಸು ಉಳಿಯಲಿ ಎಂದು ಅವಳು ಹೆಸರು ಹೇಳಲಿಲ್ಲ. ನನಗೆ ಅಂಥ ಕಾರಣವೂ ಇರಲಿಲ್ಲ. ಆ ಕೊಬ್ಬರಿಕಾಯಿಯ ಚೀಟಿಗೆ ನಾನು ಹೇಳಿದ ಉತ್ತರ ತಪ್ಪಲ್ಲ ಎಂದು ಆಗ ತಿಳಿಯಿತು. ನೇರಳೆ ಸೀರೆ ಇನ್ನೂ ಬೀರುವಿನಲ್ಲೇ ಇದೆ.

ಮಾರನೆಯ ಬೆಳಿಗ್ಗೆ ಪೇಪರು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಹಜಾರದಿಂದ ಅವಳ ಹೆಸರು ಹಿಡಿದು ಕರೆದೆ. ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನಾಯ್ತ್ರೀ? ಯಾರಿಗೇನಾಯ್ತು?"

"ಏನೂ ಇಲ್ಲ, ಸುಮ್ನೆ ಕರೆದೆ."

ಒಂದು ಗಳಿಗೆ ನಿಂತು ನೋಡಿ ಒಳಗೆ ಹೋದಳು. ಆವತ್ತಿನ ರೊಟ್ಟಿಗೆ ಉಪ್ಪೇ ಬಿದ್ದಿರಲಿಲ್ಲ. ನಾನೂ ಹೇಳಲಿಲ್ಲ, ನಾಲ್ಕು ತಿಂದೆ.

ಇಷ್ಟು ಬರೆದು ಮೊದಲಿಂದ ಓದಿ ನೋಡಿದರೆ, ಇದರಲ್ಲೂ ಅವಳ ಹೆಸರು ಎಲ್ಲೂ ಇಲ್ಲ! 'ನಮ್ಮನೆಯವಳು', 'ಅವಳು' ಅಂತಲೇ ಬೆರಳು ಸವೆಸಿದ್ದೇನೆ. ಇಂದ್ರಾಕ್ಷಿ. ಎರಡು ಒತ್ತಕ್ಷರ ಇದೆ, ಹುಡುಕುವುದು ತಡವಾಯಿತು, ಕ್ಷಮಿಸಿ. ನಿಮ್ಮ ಮನೆಯಲ್ಲಿ ಯಾರು ಯಾರ ಹೆಸರಿಗೆ ಕಾದು ಕೂತಿದ್ದಾರೆ, ದಯವಿಟ್ಟು ಬರೆದು ತಿಳಿಸಿ. ನೇರವಾಗಿ ಹೇಳಲು ಸಂಕೋಚವಾದರೆ ಸುಳಿವು ಕೊಟ್ಟರೂ ಸಾಕು. ಇಪ್ಪತ್ತೊಂಬತ್ತು ವರ್ಷದೊಳಗೆ ಹೇಗಾದರೂ ಕಂಡುಹಿಡಿಯುತ್ತೇನೆ.