ಬಚ್ಚಲಿನ ಬಾಗಿಲಾಗಿದ್ದ ಇಲಾಖೆ

ರಾಜ್ಯ ಸರ್ಕಾರದ ಒಂದು ಕಲ್ಯಾಣ ಇಲಾಖೆಯ ಇತಿಹಾಸವೆಲ್ಲ ಗೋಪನಕೊಪ್ಪದ ನಮ್ಮ ಕಾಕಾ ಅವರ ಮನೆಯಲ್ಲಿದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಹೋಗಿ ನೋಡಿ. ಆದರೆ ಚಹಾ ಕುಡಿದು ಬೇಗ ಎದ್ದುಬರುವ ಆಸೆ ಇಟ್ಟುಕೊಳ್ಳಬೇಡಿ.

ಕಾಕಾ ಆ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ನಿವೃತ್ತರಾದವರು. ಅವರು ಬದಲಾಗಲಿಲ್ಲ, ಇಲಾಖೆಯ ಹೆಸರು ಮಾತ್ರ ಬದಲಾಗುತ್ತಲೇ ಇತ್ತು. ಪ್ರತಿ ಸಲವೂ ಹಳೆಯ ನಾಮಫಲಕ ಗುಜರಿಗೆ ಹೋಗಬೇಕು. ಕಾಕಾ ಬಿಡುತ್ತಾರೆಯೇ? ಅರ್ಜಿ ಬರೆದು, ಸಹಿ ಹಾಕಿಸಿಕೊಂಡು ಮನೆಗೆ ತಂದರು. ಮೊದಲ ಹೆಸರು ಬಚ್ಚಲಿನ ಬಾಗಿಲಾಯಿತು. ಎರಡನೆಯದು ಜೋಳದ ಡಬ್ಬಿಯ ಮುಚ್ಚಳ. ಮೂರನೆಯದರ ಮೇಲೆ ಕಾಕಾ ಮಧ್ಯಾಹ್ನ ಮಲಗುತ್ತಾರೆ. ಅದು ಸೇವೆಯಲ್ಲಿದ್ದಾಗಿನ ಅಭ್ಯಾಸ.

"ಬಂದವರಿಗೆಲ್ಲಾ ಬಚ್ಚಲಾ ತೋರಸ್ತೀರಿ. ಒಂದು ಛಲೋ ಬಾಗಲಾ ಹಚ್ಚಸ್ರಿ ಅಂತ ಎಷ್ಟ ಸಲಾ ಹೇಳ್ಬೇಕು?" ಎಂದು ಅವರ ಹೆಂಡತಿ, ನಮ್ಮ ಕಾಕು, ಗೊಣಗುತ್ತಿದ್ದರು.

"ಅದು ಬಾಗಲಾ ಅಲ್ಲಾ, ಇಲಾಖೆದ ಮೊದಲನೇ ಅಧ್ಯಾಯ."

ಆ ಅಧ್ಯಾಯಕ್ಕೆ ಒಳಗಿನಿಂದ ಚಿಲಕ ಬೀಳುತ್ತಿರಲಿಲ್ಲ. ಸ್ನಾನಕ್ಕೆ ಹೋದವರು ಹಾಡುತ್ತಲೇ ಇರಬೇಕಿತ್ತು.

ಹೋದ ವರ್ಷ ಸುಳ್ಳ ಗ್ರಾಮದಿಂದ ಒಬ್ಬ ಅಜ್ಜಿ ಅವರನ್ನು ಹುಡುಕಿಕೊಂಡು ಬಂದಳು. ವಿಧವಾ ಪಿಂಚಣಿ ನಿಂತುಹೋಗಿತ್ತು. "ಈ ಕಾಗದದಾಗಿನ ಹೆಸರಿನ ಇಲಾಖೆನ ಇಲ್ಲಂತ್ರಿ. ಖೊಟ್ಟಿ ಕಾಗದ ಅಂತಾರ. ಗುಳಿಗಿ ತರಾಕೂ ಆಗವಲ್ದು," ಎಂದಳು.

ಕಾಕಾ ಕಾಗದ ಬಿಡಿಸಿದರು. ಪಿಂಚಣಿ ಮಂಜೂರಾದ ಹಳೆಯ ಆದೇಶ, ಅವರದೇ ಅಕ್ಷರ. ಅವತ್ತು ಅವರು ಇತಿಹಾಸ ಹೇಳಲಿಲ್ಲ. ನೇರ ಹೋಗಿ ಬಚ್ಚಲಿನ ಬಾಗಿಲು ಬಿಚ್ಚತೊಡಗಿದರು.

ಒಂದು ತುದಿ ನಾನು ಹಿಡಿದೆ. ಟಂಟಂ ಆಟೋದಲ್ಲಿ ಹೇರಿಕೊಂಡು ಇಲಾಖೆಯ ಕಚೇರಿಗೆ ಹೋಗಿ, ಅದನ್ನು ಸಾಹೇಬರ ಮೇಜಿಗೆ ಆನಿಸಿ ನಿಲ್ಲಿಸಿದೆವು. ಸಾಬೂನಿನ ಕಲೆಗಳ ನಡುವೆ ಹೆಸರು ಸ್ಪಷ್ಟವಾಗಿತ್ತು.

"ಇಲ್ಲ ಅಂದ್ರಲ್ರಿ ಸಾಹೇಬ್ರ, ಇದರ ಕೆಳಗ ಕುಂತು ಈ ಕಾಗದಾ ನಾನ ಬರದೇನಿ," ಎಂದರು ಕಾಕಾ.

ಸಾಹೇಬರು ಎರಡು ಸಲ ಓದಿದರು. "ಖರೇ ಐತ್ರಿ. ಆದ್ರ ಪುರಾವೆ ಅಂದಮ್ಯಾಲೆ ಮೂಲ ಪ್ರತಿ ಇಲ್ಲೇ ಬಿಡಬೇಕಾಗತೈತಿ."

ಸೇವೆಯುದ್ದಕ್ಕೂ ಜನರಿಗೆ ಇದೇ ಮಾತು ಹೇಳಿದವರು ಕಾಕಾ. ಬಾಗಿಲು ಕೊಟ್ಟು ರಸೀದಿ ಇಸಿದುಕೊಂಡರು.

ಮುಂದಿನ ತಿಂಗಳು ಅಜ್ಜಿಯ ಪಿಂಚಣಿ ಮತ್ತೆ ಶುರುವಾಯಿತು. ಅಷ್ಟರಲ್ಲಿ ಬಚ್ಚಲಿಗೆ ಕಾಕು ಅವರ ಹಳೆಯ ಇಳಕಲ್ ಸೀರೆ ಪರದೆಯಾಗಿತ್ತು. ಕಾಕಾ ಕೊನೆಗೂ ಬಡಿಗನನ್ನು ಕರೆತಂದರು. ಇಷ್ಟು ವರ್ಷ ಬಾಗಿಲು ಬೇಕೆಂದು ಕೇಳಿದ ಕಾಕು ಅವನಿಗೆ ಚಹಾ ಕೊಟ್ಟು ವಾಪಸ್ ಕಳಿಸಿಬಿಟ್ಟರು.

"ಸೀರಿನ ಇರಲಿ ಬಿಡ್ರಿ," ಎಂದರು ಕಾಕು. "ಬಂದವರು ಬಾಗಲಾ ಎಲ್ಲೈತಿ ಅಂತ ಕೇಳಿದ್ರ, ಇನ್ನ ಮ್ಯಾಲೆ ಆ ಇತಿಹಾಸಾ ನಾನ ಹೇಳತೇನಿ."